ಹೊಳೆಯುವ ಬನ್ನು, ಹಿತ್ತಲ ಒಲೆ

ನನ್ನ ಟಿಕೆಟ್ ಮೆಷಿನ್ನಿನ ಎಂಟರ ಗುಂಡಿ ಒತ್ತಿದರೆ ಒಳಗೇ ಕೂತುಬಿಡುತ್ತದೆ. ಉಗುರು ಹಾಕಿ ಎಬ್ಬಿಸಬೇಕು. ತಳಕು ಸ್ಟಾಪಿನಲ್ಲಿ ಹತ್ತಿದವರು ನಾನು ಅದನ್ನು ಎಬ್ಬಿಸುವುದನ್ನೇ ನೋಡುತ್ತಾ ನಿಂತಿರುತ್ತಾರೆ, ಅಷ್ಟರಲ್ಲಿ ಅವರ ಊರೇ ಬಂದುಬಿಡುತ್ತದೆ. ಡಿಪೋದಲ್ಲಿ ತೋರಿಸಿದೆ. ರಿಪೇರಿಯವರು ಸೂಜಿಯಿಂದ ಕೆದಕಿ, ಸೂಜಿಯ ತುದಿ ಮೂಸಿ, "ಮೇಡಂ, ಇದು ಸಕ್ಕರೆ ಪಾಕ ಕಣ್ರೀ" ಅಂದರು. ಇಂಥ ರೋಗವನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲವಂತೆ. ನಾನು ಬಹಳ ಆಶ್ಚರ್ಯಪಟ್ಟವಳ ಹಾಗೆ ಮುಖ ಮಾಡಿದೆ.

ಆಶ್ಚರ್ಯವೇನೂ ಇಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಮೊದಲ ಬಸ್ಸಿನಲ್ಲಿ ನಾನು ಎಡಗೈಯಲ್ಲಿ ಬನ್ನು ಹಿಡಿದು ಬಲಗೈಯಲ್ಲಿ ಟಿಕೆಟ್ ಹರಿಯುತ್ತೇನೆ. ಬನ್ನಿನ ಮೇಲೆ ಪಾಕ ಇರುತ್ತದೆ. ಪಾಕ ಬನ್ನಿನ ಮೇಲೇ ಇರಬೇಕು ಅಂತ ರೂಲ್ಸ್ ಇದೆಯೇ, ಬಸ್ಸು ಕುಲುಕಿದ ಕಡೆ ಅದೂ ಹೋಗುತ್ತದೆ. ಕೂತು ತಿನ್ನಬಾರದೇ ಎಂದು ನೀವು ಕೇಳಬಹುದು. ಕಂಡಕ್ಟರ್ ಸೀಟಿನಲ್ಲಿ ಕಂಡಕ್ಟರ್ ಕೂತದ್ದನ್ನು ನೀವು ಯಾವಾಗಲಾದರೂ ಕಂಡಿದ್ದೀರಾ? ಅಲ್ಲಿ ಯಾವಾಗಲೂ ಮಂಡಿನೋವಿನ ಅಜ್ಜಿಯೊಬ್ಬಳು ಕೂತಿರುತ್ತಾಳೆ. ಅವಳ ಮಂಡಿಗಿಂತ ನನ್ನ ಮೀನಖಂಡ ಹೆಚ್ಚು ನೋಯುತ್ತದೆ ಎಂದು ವಾದ ಮಾಡುವಷ್ಟು ತ್ರಾಣ ನನಗೆ ಉಳಿದಿಲ್ಲ.

ದಣಿವಿಗೂ ಒಬ್ಬೊಬ್ಬರಲ್ಲಿ ಒಂದೊಂದು ಮನೆ ಇರುತ್ತದೆ. ಕೆಲವರಿಗೆ ಸೊಂಟ, ಕೆಲವರಿಗೆ ತಲೆ. ನನಗೆ ಮೀನಖಂಡ. ಅದು ಅಲ್ಲೇ ಇದ್ದುಕೊಂಡು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಈಚೆಗೆ ಅದು ಬಸ್ಸಿನಿಂದ ಇಳಿದು ನನ್ನ ಜೊತೆ ಮನೆಗೂ ಬರುತ್ತಿದೆ. ಕಾರಣ ಈ ಬನ್ನು.

ಬನ್ನು ಎನ್ನುವುದು ನನ್ನ ಮಾತು. ಮಾಡುವವಳು ನನ್ನ ಮಗಳು ರೂಪಾ. ಅವಳು ಅದಕ್ಕೆ ಡ್ಯಾನಿಶ್ ಅನ್ನುತ್ತಾಳೆ. ದಾವಣಗೆರೆಯ ಬೇಕರಿಯೊಂದರಲ್ಲಿ ಕೌಂಟರಿಗೆಂದು ಸೇರಿ, ಒಳಗಿನವರ ಕೈ ನೋಡಿ ನೋಡಿ ಕಲಿತು, ಆ ಬೇಕರಿ ಮುಚ್ಚಿದ ಮೇಲೆ ಮನೆಗೆ ಬಂದವಳು. ದಿಲ್‌ಪಸಂದ್ ತಿಂದಿದ್ದೀರಲ್ಲ, ಅದರ ದೂರದ ನೆಂಟ ಅಂದುಕೊಳ್ಳಿ. ಮೈದಾಹಿಟ್ಟಿನ ಹಾಳೆಯ ಮೇಲೆ ಬೆಣ್ಣೆ ಇಟ್ಟು, ಮಡಿಸಿ, ಲಟ್ಟಿಸಿ, ಮತ್ತೆ ಮಡಿಸಿ, ಮತ್ತೆ ಲಟ್ಟಿಸಿ, ರೇಷ್ಮೆ ಸೀರೆಯನ್ನು ಪೆಟ್ಟಿಗೆಯಲ್ಲಿಡುವಷ್ಟು ಮರ್ಯಾದೆಯಿಂದ ಅದನ್ನು ಫ್ರಿಜ್ಜಿನಲ್ಲಿ ಇಡುತ್ತಾಳೆ. ಆಮೇಲೆ ಚೌಕ ಕತ್ತರಿಸಿ ನಡುವೆ ಹಣ್ಣಿನ ಪಾಕ ಇಟ್ಟು, ಮೂಲೆಗಳನ್ನು ಒಂದರ ಮೇಲೊಂದು ಮಡಚಿ, ಮೇಲೆ ಹಾಲು ಸವರಿ ಓವನ್ನಿಗೆ ಹಾಕುತ್ತಾಳೆ. ಬೆಂದು ಬಂದ ಮೇಲೆ ಬಿಸಿ ಇರುವಾಗಲೇ ನಿಂಬೆರಸ ಬಿಟ್ಟ ಸಕ್ಕರೆ ಪಾಕವನ್ನು ಬ್ರಷ್ಷಿನಿಂದ ಬಳಿಯುತ್ತಾಳೆ. ಆಗ ಅದು ಹೊಳೆಯುತ್ತದೆ. ಈ ಹೊಳಪಿನ ವಿಚಾರ ನೆನಪಿಡಿ, ನಮ್ಮ ಮನೆಯ ತೊಂದರೆಯೆಲ್ಲ ಅಲ್ಲೇ ಇರುವುದು.

ಚಳ್ಳಕೆರೆಯ ಸೆಖೆಯಲ್ಲಿ ಬೆಣ್ಣೆ ಮಡಿಸುವುದೆಂದರೆ ಹುಡುಗಾಟವಲ್ಲ. ಬಿಸಿಲೇರಿದರೆ ಪದರವೆಲ್ಲ ಕೂಡಿಕೊಂಡು ಚಪಾತಿಯಾಗುತ್ತದೆ. ಹಾಗಾಗಿ ಕೋಳಿ ಕೂಗುವುದಕ್ಕೆ ಮುಂಚೆ ಅವಳ ಲಟ್ಟಣಿಗೆ ಶುರು. ನಾನೂ ಏಳುತ್ತೇನೆ, ಡ್ಯೂಟಿ ಇದೆಯಲ್ಲ. ಹಣ್ಣು ಸೋಸುವುದು, ಟ್ರೇ ಒರೆಸುವುದು ನನ್ನ ಪಾಲು. ಶುರುವಿನಲ್ಲಿ ಅವಳಿಗೆ ಸೀತಾಫಲದ ಹುಚ್ಚು ಹಿಡಿದಿತ್ತು. ಜಟಿಂಗ ರಾಮೇಶ್ವರದ ಬೆಟ್ಟದ ಕಡೆಯಿಂದ ಬುಟ್ಟಿಗಟ್ಟಲೆ ಬರುತ್ತದಲ್ಲ, ನಮ್ಮದೇ ಹಣ್ಣು, ನಮ್ಮದೇ ಬನ್ನು ಅಂತ. ಬೀಜ ಬಿಡಿಸಿ ಬಿಡಿಸಿ ನನ್ನ ಉಗುರು ಕಪ್ಪಾಯಿತು. ಒಲೆಯ ಮೇಲಿಟ್ಟು ಕುದಿಸಿದಳು, ಕಹಿಯಾಯಿತು. ಇನ್ನಷ್ಟು ಸಕ್ಕರೆ ಹಾಕಿದಳು, ಸಿಹಿ ಕಹಿಯಾಯಿತು. ಚಿಕ್ಕವಳಿದ್ದಾಗ ಕುರಿ ಹಿಂದೆ ಹೋಗಿ ಬಲಿತ ಸೀತಾಫಲವನ್ನು ಕೆಂಡದಲ್ಲಿ ಸುಟ್ಟು ತಿಂದವಳು ನಾನು, ಆಗ ಕಹಿಯಾಗಿದ್ದು ನೆನಪಿಲ್ಲ. ಆಗ ಯಾವುದೂ ಕಹಿ ಇರಲಿಲ್ಲವೋ, ಹಸಿವೇ ಅಷ್ಟಿತ್ತೋ. ಕಡೆಗೆ ರೂಪಾ ಸೀಬೆಹಣ್ಣಿಗೆ ಇಳಿದಳು. ಸೀಬೆ ನಂಬಿಕಸ್ಥ ಹಣ್ಣು, ಹೇಳಿದ ಮಾತು ಕೇಳುತ್ತದೆ.

ಉಳ್ಳಾರ್ತಿ ಕಾವಲ್ ಕಡೆ ಕೆಲಸಕ್ಕೆಂದು ಬಂದ ಹೊರಗಿನ ಊರಿನವರು ಒಂದು ವ್ಯಾನಿನಲ್ಲಿ ನಮ್ಮ ಬೀದಿಯ ಮೇಲೆಯೇ ಹೋಗುತ್ತಾರೆ. ಅವರಿಗೆ ಬೆಳಿಗ್ಗೆ ಚಿತ್ರಾನ್ನ ಆಗಿಬರುವುದಿಲ್ಲ. ವ್ಯಾನು ನಮ್ಮ ಮನೆಯ ಮುಂದೆ ನಿಲ್ಲುತ್ತದೆ, ಟ್ರೇ ಖಾಲಿಯಾಗುತ್ತದೆ. ನನ್ನ ಯಜಮಾನರು ಲಾರಿ ಓಡಿಸುತ್ತಾ ವರ್ಷದ ಮುಕ್ಕಾಲು ಪಾಲು ರಸ್ತೆಯ ಮೇಲಿರುತ್ತಾರೆ. ಹಾಗಾಗಿ ಮನೆಯಲ್ಲೂ ಅವರಿಲ್ಲ, ಈ ಬರಹದಲ್ಲೂ ಬರುವುದಿಲ್ಲ. ಇರುವವರು ನಾವು ಮೂವರು: ನಾನು, ರೂಪಾ, ಮತ್ತೆ ನನ್ನ ಅವ್ವ ಓಬಮ್ಮ. ಅವ್ವನಿಗೆ ನಾನೊಬ್ಬಳೇ ಮಗಳು, ಅದಕ್ಕೇ ದೇವಸಮುದ್ರದ ಕಡೆಯ ನಮ್ಮ ಹಟ್ಟಿ ಬಿಟ್ಟು ನನ್ನ ಜೊತೆ ಇದ್ದಾಳೆ.

ಈಗ ಕೋಳಿಯ ವಿಷಯಕ್ಕೆ ಬರುತ್ತೇನೆ. ನಾವು ಮ್ಯಾಸ ನಾಯಕರು. ನಮ್ಮಲ್ಲಿ ಕುರಿ ಆದೀತು, ಕೋಳಿ ಆಗದು. ತಿನ್ನುವುದಿರಲಿ, ಹೊಸಿಲು ದಾಟಿ ಒಳಗೆ ಬರಬಾರದು. ಮೊಟ್ಟೆಯೂ ಅಷ್ಟೇ. ಈಗಿನವರು ಅನೇಕರು ಬಿಟ್ಟಿದ್ದಾರೆ. ಅವ್ವ ಬಿಟ್ಟಿಲ್ಲ. ನಾನು ಯಾವ ಕಡೆ ಎಂದು ಕೇಳಿದರೆ, ನಿಂತ ಕಡೆ. ಹಾಸ್ಟೆಲಿನಲ್ಲಿ ಓದುವಾಗ ಮೊಟ್ಟೆ ಕೊಡುವ ದಿನ ನನಗೆ ಬಾಳೆಹಣ್ಣು ಕೊಡುತ್ತಿದ್ದರು. ಪಕ್ಕದವಳು ಮೊಟ್ಟೆ ಸುಲಿಯುವುದನ್ನು ನೋಡಿಕೊಂಡು ನಾನು ಬಾಳೆಹಣ್ಣು ಸುಲಿಯುತ್ತಿದ್ದೆ. ಅವಳದು ಬಹಳ ದೊಡ್ಡ ಕೆಲಸ, ನನ್ನದು ಮಕ್ಕಳಾಟ ಅನ್ನಿಸುತ್ತಿತ್ತು. ಆದರೂ ತಿನ್ನಬೇಕು ಅನ್ನಿಸಲಿಲ್ಲ. ಅವ್ವನ ಮುಖ ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಕಂಡಕ್ಟರ್ ಕೆಲಸ ಸಿಕ್ಕಾಗ ಅವ್ವ ಊರೆಲ್ಲ ಸಕ್ಕರೆ ಹಂಚಿದಳು. ಆಮೇಲೆ ಯಾರೋ ಅವಳಿಗೆ, ಬಸ್ಸಿನಲ್ಲಿ ಕೋಳಿಗೂ ಅರ್ಧ ಟಿಕೆಟ್ ಕೊಡಬೇಕು ಎಂದು ಹೇಳಿಬಿಟ್ಟರು. ಅಂದಿನಿಂದ ನಾನು ಡ್ಯೂಟಿ ಮುಗಿಸಿ ಬಂದರೆ ಮೊದಲ ಪ್ರಶ್ನೆ, ಇವತ್ತು ಕೋಳಿ ಹತ್ತಿತ್ತೇ? ಹತ್ತಿದ್ದರೆ ಬಚ್ಚಲಿಗೆ ಹೋಗಿ ಸ್ನಾನ ಮಾಡಿಯೇ ಅಡುಗೆಮನೆಗೆ ಬರಬೇಕು. ನಾನು ಟಿಕೆಟ್ಟನ್ನು ಕೋಳಿಯ ಕೈಗೆ ಕೊಡುವುದಿಲ್ಲ, ಅದರ ಯಜಮಾನರ ಕೈಗೆ ಕೊಡುತ್ತೇನೆ ಎಂದು ಎಷ್ಟು ಹೇಳಿದರೂ ನಡೆಯಲಿಲ್ಲ. ಮೊಳಕಾಲ್ಮೂರು ಸಂತೆಯ ದಿನವಂತೂ ಬಸ್ಸಿನಲ್ಲಿ ಚೀಲದಿಂದ ತಲೆ ಹೊರಹಾಕಿ ಕೂತ ಕೋಳಿಗಳೇ ಕೋಳಿಗಳು. ಸಂತೆಯ ದಿನ ನನಗಿಂತ ಶುದ್ಧವಾಗಿ ಮಲಗಿದ ಹೆಂಗಸು ಜಿಲ್ಲೆಯಲ್ಲಿ ಇರಲಿಲ್ಲ.

ಇಂಥ ಮನೆಗೆ ರೂಪಾ ಓವನ್ ತಂದಳು. ಹೊಸದಲ್ಲ, ಮುಚ್ಚಿದ ಆ ಬೇಕರಿಯದೇ. ಅವ್ವ ಅದರ ಸುತ್ತ ಒಂದು ಸುತ್ತು ಬಂದಳು. ಹಿಂದೊಮ್ಮೆ ಅವಳು ನನಗಾಗಿ ಬಸ್‌ಸ್ಟ್ಯಾಂಡಿನ ಎದುರು ಕಾಯುತ್ತಾ ಕೂತಿದ್ದಾಗ, ಬೇಕರಿಯವನೊಬ್ಬ ಮೊಟ್ಟೆ ಒಡೆದು ಬಟ್ಟಲಿಗೆ ಹಾಕಿ, ಕಲಕಿ, ಬನ್ನುಗಳ ಮೇಲೆ ಬಳಿಯುವುದನ್ನು ಕಣ್ಣಾರೆ ನೋಡಿದ್ದಳು. ಹೊಳೆಯುವ ಬನ್ನು ಎಂದರೆ ಮೊಟ್ಟೆ ಎಂದು ಅವತ್ತೇ ಅವಳ ತಲೆಯಲ್ಲಿ ಕೂತಿತು. ರೂಪಾ ಮೊಟ್ಟೆ ಮುಟ್ಟುವುದಿಲ್ಲ. ಹಾಲು, ಸಕ್ಕರೆ, ನಿಂಬೆಹುಳಿ ಅಷ್ಟೇ. ಇದನ್ನು ಅವ್ವನ ಎದುರಿಗೆ ಕೂತು ಮಾಡಿ ತೋರಿಸಿದಳು. ಅವ್ವ ಕಣ್ಣು ಮಿಟುಕಿಸದೆ ನೋಡಿ, ಇವತ್ತಿನದು ಸರಿ, ದಿನಾ ಹೀಗೇ ಮಾಡುತ್ತೀಯ ಎಂದು ಯಾರು ಕಂಡರು ಎಂದಳು. ಅದಕ್ಕೂ ಮೇಲೆ ಆ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಎಷ್ಟು ಮೊಟ್ಟೆ ಬೆಂದಿವೆಯೋ. ರೂಪಾ ಅದನ್ನು ಬೂದಿ ಹಾಕಿ ತಿಕ್ಕಿದಳು, ಹುಣಸೆಹುಳಿ ಹಾಕಿ ತಿಕ್ಕಿದಳು, ಕಡೆಗೆ ಗಂಜಲವನ್ನೂ ಚಿಮುಕಿಸಿದಳು. ಮೊಮ್ಮಗಳನ್ನು ಪಾಪ ಎಂದೇ ಕರೆಯುವ ಅವ್ವ ಹೇಳಿದ್ದು ಒಂದೇ ಮಾತು.

"ಮಡಿಕೆ ಆಗಿದ್ರೆ ಒಡೆದು ಹೊಸದು ತರ್ತೀವಿ. ಇದನ್ನ ಏನ್ ಮಾಡ್ತೀಯ ಪಾಪ?"

ನಮ್ಮ ಮನೆಮಾತು ಅರ್ಧ ತೆಲುಗು. ಅವ್ವನಿಗೆ ಸಿಟ್ಟು ಬಂದರೆ ಪೂರ್ತಿ ತೆಲುಗಾಗುತ್ತದೆ. "ವದ್ದು" ಎಂದು ಎದ್ದಳು. ಬೇಡ ಎಂದರೆ ಬೇಡ. ಮರುದಿನ ನಾನು ಬರುವಷ್ಟರಲ್ಲಿ ಹಿತ್ತಲ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ತನ್ನ ಮುದ್ದೆ ತಾನು ಬೇಯಿಸಿಕೊಳ್ಳುತ್ತಿದ್ದಳು. ಮಲಗುವುದು ಒಳಗೆ, ದೇವರ ಗೂಡಿನ ದೀಪ ಹಚ್ಚುವುದು ಎಂದಿನಂತೆ ಅವಳೇ. ಆದರೆ ನಮ್ಮ ಅಡುಗೆಮನೆಯ ಅನ್ನ ನೀರು ಎರಡೂ ಬಂದ್.

ಒಂದು ಮನೆಗೆ ಎರಡು ಒಲೆ ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಡ್ಯೂಟಿಯಿಂದ ಬಂದರೆ ಒಳಗೆ ರೂಪಾ ಅನ್ನ ಬಡಿಸಿಕೊಂಡು ಕಾಯುತ್ತಿರುತ್ತಾಳೆ, ಹೊರಗೆ ಅವ್ವ ಮುದ್ದೆ ಇಟ್ಟುಕೊಂಡು ಕಾಯುತ್ತಿರುತ್ತಾಳೆ. ಅವ್ವನ ಒಲೆ ಶುದ್ಧ, ಹಾಗಾಗಿ ಅಲ್ಲಿಂದ ನಾನು ಉಣ್ಣಬಹುದು. ಉಣ್ಣದಿದ್ದರೆ ಮಗಳ ಪಕ್ಷ ಸೇರಿದ ಹಾಗೆ. ಹಾಗಾಗಿ ಎರಡೂ ಕಡೆ ಉಂಡೆ. ಯೂನಿಫಾರಂ ಬಿಗಿಯಾಯಿತು. ಮಗಳು ಅವ್ವನನ್ನು ದೂರುತ್ತಾಳೆ, ಅವ್ವ ಮಗಳನ್ನು ದೂರುತ್ತಾಳೆ, ಇಬ್ಬರೂ ಸರಿ ಎಂದು ನಾನು ಹೇಳಿದರೆ ಇಬ್ಬರೂ ಸೇರಿ ನನ್ನನ್ನು ದೂರುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗಾದರೂ ಒಂದೇ ಸಲ ಕಟ್ ಆಗಿ ಮುಗಿಯುತ್ತದೆ.

ನಡುವೆ ರೂಪಾ ಒಂದು ಉಪಾಯ ಮಾಡಿದಳು. ಹೊಳಪೇ ಅವ್ವನ ಕಣ್ಣು ಚುಚ್ಚುವುದಾದರೆ ಹೊಳಪೇ ಬೇಡ ಎಂದು, ಹಾಲೂ ಸವರದೆ ಪಾಕವೂ ಬಳಿಯದೆ ಒಣಕಲು ಬನ್ನು ಮಾಡಿದಳು. ವ್ಯಾನಿನವರು ಟ್ರೇ ನೋಡಿ, ನಿನ್ನೆಯದೇ ಎಂದು ಕೇಳಿದರು. ಆ ದಿನದ ಬನ್ನು ಅಷ್ಟೂ ನನ್ನ ಬಸ್ಸಿನ ಡ್ರೈವರಿಗೂ ಮಂಡಿನೋವಿನ ಅಜ್ಜಿಗೂ ಹೋಯಿತು. ಅವತ್ತು ರೂಪಾ ಅತ್ತಳು. ಬೇಕರಿ ಮುಚ್ಚಿದ ದಿನವೂ ಅಳದವಳು. "ನನ್ನ ಕೈಯಿಂದ ಅಜ್ಜಿ ಒಂದು ಲೋಟ ನೀರು ಕುಡಿಯಲ್ಲ ಅಂದ್ರೆ ನಾನ್ಯಾಕವ್ವ ಇದನ್ನ ಮಾಡ್ಬೇಕು" ಎಂದಳು. ಓವನ್ ಮಾರಿಬಿಡುತ್ತೇನೆ ಎಂದೂ ಹೇಳಿದಳು. ನಾನು ಮಾರಬೇಡ ಎನ್ನಲಿಲ್ಲ, ಮಾರು ಎಂದೂ ಅನ್ನಲಿಲ್ಲ. ಯಾವುದಾದರೊಂದು ಹೇಳಬೇಕಿತ್ತು. ನಿದ್ದೆ ಬರುತ್ತಿತ್ತು.

ಮರುದಿನದಿಂದ ಮತ್ತೆ ಪಾಕ ಬಳಿದಳು. ಬನ್ನು ಮತ್ತೆ ಹೊಳೆಯಿತು. ಹಿತ್ತಲಲ್ಲಿ ಹೊಗೆ ಎದ್ದಿತು.

ಹೀಗಿರುವಾಗ ಮಾವ ಬಂದರು. ಅವ್ವನ ತಮ್ಮ, ಹಟ್ಟಿಯಲ್ಲಿ ದೇವರ ಎತ್ತುಗಳನ್ನು ಕಾಯುವವರು. ಆ ಎತ್ತುಗಳನ್ನು ಹೂಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಕಾಯುವವರ ನೇಮವೂ ಅಷ್ಟೇ ಬಿಗಿ. ವರ್ಷಕ್ಕೊಮ್ಮೆ ನೆಂಟರ ಮನೆಗಳಿಗೆ ಹೋಗಿ, ದೇವರಿಗೆಂದು ಎತ್ತಿಟ್ಟ ನವಣೆಯ ಮೀಸಲು ತೆಗೆದುಕೊಂಡು ಹೋಗುತ್ತಾರೆ. ಅದನ್ನು ಅವರು ತೆಗೆದುಕೊಂಡರೆ ನಾವು ಒಳಗಿನವರು, ತೆಗೆದುಕೊಳ್ಳದಿದ್ದರೆ ನಾವು ಹೊರಗಿನವರು. ಯಾರೂ ಕಾಗದದಲ್ಲಿ ಬರೆಯುವುದಿಲ್ಲ, ಡಂಗುರ ಸಾರುವುದಿಲ್ಲ. ಮುಂದಿನ ಮದುವೆಗೆ ಕರೆಯುವುದಿಲ್ಲ, ಅಷ್ಟೇ.

ಅವತ್ತು ನನಗೆ ವಾರದ ರಜೆ. ಮಾವ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಾಗಿಲ ತನಕ ಬಂದವರು ಹಿತ್ತಲ ಒಲೆಯ ಹೊಗೆ ಕಂಡು ಅಲ್ಲೇ ನಿಂತರು. ಚೊಂಬಿನಲ್ಲಿ ನೀರು ತಂದೆ. ಮುಟ್ಟಲಿಲ್ಲ. ಒಳಗೆ ಬನ್ನಿ ಎಂದೆ. ಬರಲಿಲ್ಲ. ಅವ್ವ ಹಿತ್ತಲಿಂದ ಬಂದಳು. ಮಾವ ಅವಳ ಮುಖ ನೋಡದೆ, ಬಹಳ ಕಷ್ಟದಿಂದ ಮಾತು ತೆಗೆದರು.

"ಅಕ್ಕಾ, ಹಟ್ಯಾಗೆ ಒಂದು ಮಾತು ಐತೆ. ನಿಮ್ಮನೇಗೆ ತತ್ತಿ ಬಂದೈತೆ ಅಂತಾರೆ. ನಾನು ನಂಬಿರಲಿಲ್ಲ. ಇಲ್ಲಿ ನೋಡಿದ್ರೆ ನೀನೇ ಹೊರಗೆ ಒಲೆ ಹೂಡ್ಕಂಡಿದ್ದೀಯ. ನೀನೇ ಉಣ್ಣದ ಮನೇಲಿ ನಾನು ಮೀಸಲು ಹೆಂಗೆ ತಗಳ್ಲಿ?"

ನಾನು ಅವ್ವನನ್ನೇ ನೋಡುತ್ತಿದ್ದೆ. ತನ್ನ ನೇಮ ಉಳಿಸಿಕೊಳ್ಳಲು ಅವಳು ಹೂಡಿದ ಒಲೆಯೇ ನಮ್ಮ ಮೇಲೆ ಸಾಕ್ಷಿ ಹೇಳುತ್ತಿದೆ ಎಂದು ಅವಳಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತಿಗೇ ರೂಪಾ ಏನೂ ಅರಿಯದೆ ಒಳಗಿನಿಂದ ಬಿಸಿ ಟ್ರೇ ಹಿಡಿದು ಬಂದಳು. ಆಗಷ್ಟೇ ಪಾಕ ಬಳಿದದ್ದು. ಬಾಗಿಲ ಬಿಸಿಲಿಗೆ ಅಷ್ಟೂ ಬನ್ನು ಥಳಥಳ. ಮಾವ ಒಂದು ಹೆಜ್ಜೆ ಹಿಂದೆ ಹೋದರು.

ಅವ್ವ ಕೈ ಚಾಚಿದಳು. "ಪಾಪ, ಒಂದು ಕೊಡಿಲ್ಲಿ" ಎಂದಳು.

ರೂಪಾಳಿಗೆ ಕೇಳಿಸಿತೋ ಇಲ್ಲವೋ, ಹಾಗೇ ನಿಂತಿದ್ದಳು. ಅವ್ವ ತಾನೇ ಟ್ರೇಯಿಂದ ಒಂದು ಬನ್ನು ಎತ್ತಿಕೊಂಡು, ಹೊಸಿಲ ಮೇಲೆ ಕೂತು, ತಿಂದಳು. ಅವಸರ ಮಾಡಲಿಲ್ಲ. ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ ಹೊರಳಿಸಿಕೊಂಡು, ಅಂಗೈಗೆ ಉದುರಿದ ಪದರವನ್ನೂ ಬಿಡದೆ ಬಾಯಿಗೆ ಹಾಕಿಕೊಂಡಳು. ಆಮೇಲೆ ತಮ್ಮನಿಗೆ, ಹೊರಗಿನ ಒಲೆ ಸೆಖೆಗೆ ಹೂಡಿದ್ದು, ಗ್ಯಾಸಿನ ವಾಸನೆ ತನಗೆ ಆಗಿಬರುವುದಿಲ್ಲ, ಅದಕ್ಕೆ ಹಟ್ಟಿಯವರು ಏನೇನೋ ಕಟ್ಟುತ್ತಾರೆ ಎಂದಳು. ನಮ್ಮ ಹುಡುಗಿ ತತ್ತಿ ಮುಟ್ಟುವವಳಲ್ಲ ಎಂದಳು. ಮಾವ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ನೀರು ಕುಡಿದರು. ಅವರ ಮುಖದಲ್ಲಿ ಬಂದ ಸಮಾಧಾನ ನೋಡಿ ನನಗೆ ಅಯ್ಯೋ ಅನ್ನಿಸಿತು, ಪಾಪ, ಅವರಿಗೂ ಅಕ್ಕನನ್ನು ಬಿಡುವ ಮನಸ್ಸಿರಲಿಲ್ಲ. ಮೀಸಲು ಕಂಬಳಿಯ ತುದಿಗೆ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದರು.

ನನಗಾದ ಸಂತೋಷ ಹೇಳತೀರದು. ಎರಡು ಒಲೆಯ ಕಾಟ ಮುಗಿಯಿತು, ಇನ್ನು ಒಂದೇ ಊಟ, ಯೂನಿಫಾರಂ ಸಡಿಲ ಎಂದುಕೊಂಡೆ. ರೂಪಾಳಂತೂ ಬೆಳಿಗ್ಗೆಯೇ ಅಜ್ಜಿಯ ಕೆನ್ನೆ ಹಿಂಡಿ, ವ್ಯಾನಿನವರಿಗೆ ಬನ್ನು ಕೊಡಲು ಓಡಿದ್ದಳು. ನಾನು ಅವ್ವನ ಪಕ್ಕ ಕೂತು, "ಕಡೆಗೂ ನಂಬಿದೆಯಲ್ಲವ್ವ" ಎಂದೆ.

"ಯಾರ್ ನಂಬಿದ್ರು?" ಎಂದಳು ಅವ್ವ. "ಆ ಪೆಟ್ಟಿಗೇಲಿ ಬೆಂದಿದ್ದು ನನಗೆ ಗೊತ್ತಿಲ್ವೇನು. ಮನೆ ಹೊರಗೆ ಬೀಳ್ತಿತ್ತು ಕಣೇ. ಹುಡುಗಿ ಬಾಳ್ವೆ ಮಾಡ್ಬೇಕು. ಬೀಳೋದಾದ್ರೆ ನಾನೊಬ್ಳು ಬೀಳ್ತೀನಿ."

ನಾನು ಆಣೆ ಮಾಡಿ ಹೇಳಿದೆ, ತತ್ತಿ ಇಲ್ಲವ್ವ, ಇರಲೇ ಇಲ್ಲ, ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅವ್ವ ನನ್ನ ತಲೆ ಸವರಿ, ಇರಲಿ ಬಿಡು ಎಂದಳು. ನಾನು ಅವಳನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದಳು. ಹುಟ್ಟಿದಾಗಿನಿಂದ ಕಾದುಕೊಂಡು ಬಂದ ನೇಮವನ್ನು, ಏನೂ ಇಲ್ಲದ ಒಂದು ಸೀಬೆಹಣ್ಣಿನ ಬನ್ನಿಗಾಗಿ, ತತ್ತಿ ಇದೆ ಎಂದೇ ತಿಳಿದು ಮುರಿದಿದ್ದಳು. ಅದು ಮುರಿದಿಲ್ಲ ಎಂದು ಹೇಳಿದರೆ ನಂಬುವುದಿಲ್ಲ. ಮುರಿದಿದೆ ಎಂದು ನಾನು ಒಪ್ಪುವ ಹಾಗಿಲ್ಲ. ಬಸ್ಸಿನಲ್ಲಿ ನಿಂತು ಇದನ್ನೇ ಯೋಚಿಸುತ್ತೇನೆ, ಮೊಳಕಾಲ್ಮೂರು ಬಂದುಬಿಡುತ್ತದೆ.

ಅವ್ವ ಹಿತ್ತಲ ಒಲೆ ಕೀಳಲಿಲ್ಲ. ಮೊದಲು ನಾವು ಕೆಟ್ಟವರೆಂದು ಹೊರಗೆ ಬೇಯಿಸಿಕೊಳ್ಳುತ್ತಿದ್ದಳು, ಈಗ ತಾನು ಕೆಟ್ಟವಳೆಂದು. ನೆಂಟರು ಕೇಳಿದರೆ ಸೆಖೆ ಎಂದು ಹೇಳಲು ನಮಗೂ ಹೇಳಿಕೊಟ್ಟಿದ್ದಾಳೆ. ದೇವರ ಗೂಡಿನ ದೀಪ ರೂಪಾಳ ಪಾಲಿಗೆ ಬಂತು. ಅಡುಗೆಮನೆಯ ಹೊಸಿಲು ತುಳಿಯುವುದಿಲ್ಲ. ನನಗೆ ಮುದ್ದೆ ನೀಡುವುದನ್ನೂ ನಿಲ್ಲಿಸಿದಳು. ಅಜ್ಜಿ ನನ್ನ ಬನ್ನು ತಿಂದಳು ಎಂದು ರೂಪಾ ಬೀದಿಗೆಲ್ಲ ಹೇಳಿಕೊಂಡು ಖುಷಿಯಾಗಿದ್ದಾಳೆ. ಒಂದು ತಿಂದದ್ದಕ್ಕೇ ಅಜ್ಜಿಗೆ ಹೊಟ್ಟೆ ಸರಿಯಿಲ್ಲ, ಅದಕ್ಕೇ ಹೊರಗಿನ ಗಂಜಿ ಮುದ್ದೆ ಎಂದು ಅವಳ ಲೆಕ್ಕ. ಅವಳಿಗೆ ನಿಜ ಹೇಳಬೇಡ ಎಂದು ಅವ್ವ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ರೂಪಾ ಕನ್ನಡ ಓದುವುದು ಫೋನಿನಲ್ಲಿ ಮಾತ್ರ, ಇದು ಅವಳ ಕಣ್ಣಿಗೆ ಬೀಳಲಾರದು.

ನಿನ್ನೆ ಸಂಜೆ ಡ್ಯೂಟಿ ಮುಗಿಸಿ ಬಂದವಳು ಒಳಗೆ ಹೋಗಲಿಲ್ಲ. ಕಾಲು ಎಳೆದುಕೊಂಡು ಸುತ್ತು ಹಾಕಿ ಹಿತ್ತಲಿಗೆ ಹೋಗಿ, ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತೆ. ಕೂತ ಮೇಲೆ ಇನ್ನು ಏಳುವುದು ಸಾಧ್ಯವಿಲ್ಲ ಅನ್ನಿಸಿತು. ಅವ್ವ ಒಬ್ಬಳೇ ಮುದ್ದೆ ಕಟ್ಟಿಕೊಂಡು ಉಣ್ಣಲು ಕೂತಿದ್ದಳು.

"ನೀಡವ್ವ" ಎಂದೆ.

"ಒಳಗೆ ಹೋಗಿ ಉಣ್ಣು. ನನ್ನ ಕೈದು ನಿನಗೆ ಬ್ಯಾಡ."

"ಏಳಕ್ಕೆ ಆಗ್ತಿಲ್ಲವ್ವ."

ಸುಳ್ಳಲ್ಲ, ನಿಜವಾಗಿಯೂ ಆಗುತ್ತಿರಲಿಲ್ಲ. ಅವ್ವ ನನ್ನ ಕಾಲು ನೋಡಿದಳು, ಮುಖ ನೋಡಿದಳು. ಒಳಗಿನಿಂದ ತಟ್ಟೆ ತರಲು ಎದ್ದಳು. ಅಡುಗೆಮನೆಯ ಬಾಗಿಲ ತನಕ ಹೋಗಿ ನಿಂತಳು. ವಾಪಸು ಬಂದು ಕೂತಳು. ಆಮೇಲೆ ತನ್ನ ತಟ್ಟೆಯನ್ನೇ ನನ್ನ ಕಡೆ ಸರಿಸಿದಳು.